ಐವರಲ್ಲಿ ಒಬ್ಬರಿಗೆ

ಮಲ್ಲಂದೂರಿನ ಸುತ್ತಮುತ್ತ ಹೊಟ್ಟೆನೋವು ಬಂದು ಹೋದವರು ಬೇಕಾದಷ್ಟು ಮಂದಿ ಇದ್ದರು. ಆದರೆ ಡೈವರ್ಟಿಕ್ಯುಲೈಟಿಸ್ ಬಂದವನು ಬಿಳಿಕಲ್ಲು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸುರೇಂದ್ರ ಒಬ್ಬನೇ. ಆ ಹೆಸರನ್ನು ತಡವರಿಸದೆ ಒಂದೇ ಉಸಿರಿನಲ್ಲಿ ಹೇಳಬಲ್ಲವನೂ ಅವನೊಬ್ಬನೇ. ಜುಲೈ ತಿಂಗಳಲ್ಲಿ ಎಡಹೊಟ್ಟೆ ಹಿಡಿದುಕೊಂಡು ಚಿಕ್ಕಮಗಳೂರಿನ ಆಸ್ಪತ್ರೆ ಸೇರಿ, ವಾರವಿಡೀ ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ನೋವು ಹೋಗಿ ಹೆಸರು ಮಾತ್ರ ಉಳಿದಿತ್ತು. ಆ ಹೆಸರಿನ ಮೇಲೆ ಅವನಿಗೆ ಒಂದು ಬಗೆಯ ಅಭಿಮಾನವೇ ಹುಟ್ಟಿಬಿಟ್ಟಿತು. ಐವತ್ತು ದಾಟಿದ ಜೀವನದಲ್ಲಿ ದೊಡ್ಡದು ಅಂತ ಅವನ ಪಾಲಿಗೆ ಬಂದದ್ದು ಅದೊಂದೇ ಆದ್ದರಿಂದ ಇದನ್ನು ನಾವು ತಪ್ಪು ಎನ್ನುವಂತಿಲ್ಲ.

ಹೆಂಡತಿ ವಸಂತಮ್ಮನಿಗೆ ಈ ಅಭಿಮಾನ ತಿಳಿಯಲಿಲ್ಲ. ನೋಡಲು ಬಂದವರಿಗೆಲ್ಲ ಅವಳು, "ಗ್ಯಾಸು ಕಣ್ರೀ, ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ಇವ್ರು" ಎನ್ನುತ್ತಿದ್ದಳು. ಒಳಗೆ ಮಂಚದ ಮೇಲೆ ಮಲಗಿದ್ದ ಸುರೇಂದ್ರ ಅಲ್ಲಿಂದಲೇ ಕೂಗುತ್ತಿದ್ದ.

"ಗ್ಯಾಸಲ್ಲ ಮಾರಾಯ್ತಿ! ದೊಡ್ಡ ಕರುಳಲ್ಲಿ ಸಣ್ಣಸಣ್ಣ ಚೀಲ ಆಗಿದಾವೆ. ಅದ್ರಲ್ಲೊಂದು ಬಾತ್ಕೊಂಡಿತ್ತು. ಡೈವರ್ಟಿಕ್ಯುಲೈಟಿಸ್!"

ಆಳುಗಳ ಲೈನ್ ಮನೆಯ ಜವರಮ್ಮ ಆ ತೋಟದಲ್ಲೇ ಹುಟ್ಟಿ ಅಲ್ಲೇ ಕೆಲಸ ಮಾಡಿ ಮುದುಕಿಯಾದವಳು. ಅವಳು ಬಾಗಿಲಲ್ಲಿ ನಿಂತು ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಚೀಲವಾ ರೈಟ್ರೇ? ಎಷ್ಟು ಚೀಲ?"

"ಅದನ್ನೆಲ್ಲ ಎಣಿಸಕಾಗಲ್ಲ ಜವರಮ್ಮ."

"ಎಣಿಸಕಾಗ್ದಷ್ಟಾ! ಧಣಿಗಳ ತೋಟದಲ್ಲೇ ಈ ವರ್ಷ ಅಷ್ಟು ಚೀಲ ಕಾಫಿ ಆಗಿಲ್ಲ" ಎಂದು ಅವಳು ನಿಜವಾದ ಮರುಕದಿಂದ ಹೇಳಿ ಹೋದಳು.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಸ್ಪತ್ರೆಯಿಂದ ಹೊರಡುವ ದಿನ ಸುರೇಂದ್ರ ಡಾಕ್ಟರ್ ರೇವತಿಯವರನ್ನು ಕೇಳಬಾರದ ಪ್ರಶ್ನೆ ಕೇಳಿದ್ದ. "ಇದು ಮತ್ತೆ ಬರುತ್ತಾ ಡಾಕ್ಟ್ರೇ?"

ರೇವತಿ ಚಿಕ್ಕ ವಯಸ್ಸಿನವರು. ಕೈಯಲ್ಲಿ ಇನ್ನೂ ಹತ್ತು ರೋಗಿಗಳ ಕೆಲಸ ಇಟ್ಟುಕೊಂಡು ನಿಂತಿದ್ದರು. "ಐದು ಜನರಲ್ಲಿ ಒಬ್ಬರಿಗೆ ನಾಲ್ಕೈದು ವರ್ಷದೊಳಗೆ ಮತ್ತೆ ಬರಬಹುದು. ನಾಲ್ವರಿಗೆ ಬರಲ್ಲ. ನೀರು ಚೆನ್ನಾಗಿ ಕುಡೀರಿ, ಸೊಪ್ಪು ತರಕಾರಿ ತಿನ್ನಿ, ನಡೀರಿ, ಬೀಡಿ ಬಿಡಿ. ಎಡಗಡೆ ನೋವು, ಜ್ವರ ಏನಾದ್ರೂ ಬಂದ್ರೆ ಕಾಯಬೇಡಿ, ಅವತ್ತೇ ಬನ್ನಿ."

"ಬೀಜ ಇರೋದು ತಿನ್ನಬಾರ್ದು ಅಂತಾರಲ್ಲಮ್ಮ?" ಎಂದಳು ವಸಂತಮ್ಮ.

"ಅದು ಹಳೇ ಕಾಲದ ಮಾತು. ತಿನ್ನಬಹುದು, ಏನೂ ಆಗಲ್ಲ."

ವಸಂತಮ್ಮ ತಲೆಯಾಡಿಸಿದಳು. ಮನೆಗೆ ಬಂದ ದಿನದಿಂದಲೇ ಗಂಡನ ತಟ್ಟೆಗೆ ಬೀಜವಿರುವ ಒಂದು ಪದಾರ್ಥವನ್ನೂ ಹಾಕಲಿಲ್ಲ. ಬದನೆ ನಿಂತಿತು, ಟೊಮೆಟೊ ನಿಂತಿತು, ಸೀಬೆ ನಿಂತಿತು. ಸೌತೆಕಾಯಿಯನ್ನು ಒಳಗೆ ಕೆತ್ತಿ ದೋಣಿಯ ಹಾಗೆ ಮಾಡಿ ಬಡಿಸುತ್ತಿದ್ದಳು. ಸಾರಿನಲ್ಲಿ ಒಂದು ಸಾಸಿವೆ ತೇಲಿದರೂ ಸುರೇಂದ್ರ ಅದನ್ನು ಬೆರಳಿನಿಂದ ಹಿಡಿದು ತಟ್ಟೆಯ ಅಂಚಿಗೆ ತಂದು, ಅದು ಮತ್ತೆ ಒಳಗೆ ಹೋಗದ ಹಾಗೆ ಕಾಯುತ್ತ ಊಟ ಮಾಡುತ್ತಿದ್ದ.

ಡಾಕ್ಟರಮ್ಮನ ಆ ಮಾತನ್ನು ಪಕ್ಕದ ಹಾಸಿಗೆಯಲ್ಲಿದ್ದ ಗುರುವಯ್ಯನೂ ಕೇಳಿಸಿಕೊಂಡಿದ್ದ. ಅವನದೂ ಅದೇ ಕಾಯಿಲೆ, ಅದೇ ಮೊದಲ ಸಲ. ದೇವರಮನೆ ಬೆಟ್ಟದ ಕೆಳಗಿನ ಹಳ್ಳಿಯವನು, ಟೂರಿಸ್ಟುಗಳನ್ನು ಜೀಪಿನಲ್ಲಿ ಮೇಲೆ ಕರೆದುಕೊಂಡು ಹೋಗುವ ಕೆಲಸ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆ ಒಂದು ವಾರದಲ್ಲಿ ಅವನೂ ಸುರೇಂದ್ರನೂ ಹಾಸಿಗೆಯಿಂದ ಹಾಸಿಗೆಗೆ ಮಾತಾಡುತ್ತಲೇ ಗೆಳೆಯರಾಗಿದ್ದರು.

"ಐದರಲ್ಲಿ ನಾಲ್ಕು ಪಾಸು! ಇನ್ನೆಂತ ಬೇಕು ಮಾರಾಯ?" ಎಂದು ಗುರುವಯ್ಯ ಅವತ್ತೇ ನಕ್ಕು ಅದನ್ನು ಮರೆತುಬಿಟ್ಟ. ಸುರೇಂದ್ರನಿಗೆ ಆ ನಾಲ್ವರು ಕೇಳಿಸಲೇ ಇಲ್ಲ. ಒಬ್ಬ ಮಾತ್ರ ಕೇಳಿಸಿದ್ದ. ಆ ಒಬ್ಬ ಅವನ ಹಿಂದೆಯೇ ಬಸ್ಸು ಹತ್ತಿ ಮಲ್ಲಂದೂರಿನಲ್ಲಿ ಇಳಿದು ಮನೆಯೊಳಕ್ಕೂ ಬಂದ.

ಸೆಪ್ಟೆಂಬರಿನಲ್ಲಿ ತೋಟದಲ್ಲಿ ಬೋರರ್ ಹುಳು ಹುಡುಕುವ ಕೆಲಸ ಶುರುವಾಯಿತು. ಕಾಫಿ ಗಿಡದ ಕಾಂಡದೊಳಗೆ ಹುಳು ಹೊಕ್ಕು ಕೊರೆದರೆ ಹೊರಗೆ ತೊಗಟೆಯ ಮೇಲೆ ಏಣು ಏಳುತ್ತದೆ. ಆಳುಗಳು ಸಾಲು ಹಿಡಿದು ಒಂದೊಂದೇ ಗಿಡದ ಬುಡ ಸವರಿ ನೋಡಿ, ಹುಳು ಹೊಕ್ಕ ಗಿಡಕ್ಕೆ ಗುರುತು ಕಟ್ಟುತ್ತಾರೆ. ಆಮೇಲೆ ಅದನ್ನು ಕಿತ್ತು ಸುಡುತ್ತಾರೆ. ತೋಟದ ಈ ಪಟ್ಟೆಯಲ್ಲಿ ಐದು ಗಿಡಕ್ಕೊಂದು ಹೋಗಿರಬೇಕು ಎಂದು ಮೊದಲೇ ಅಂದಾಜು ಹಾಕುವುದು ರೈಟರನ ಕೆಲಸ. ಅಂದಾಜಿನಷ್ಟು ಹುಳುಬಿದ್ದ ಗಿಡ ಸಿಕ್ಕರೆ ಉಳಿದದ್ದು ಕ್ಷೇಮ ಎಂದು ಮುಂದಿನ ಪಟ್ಟೆಗೆ ಹೋಗುವುದು. ಸಿಗದಿದ್ದರೆ ಸಿಗುವತನಕ ಉಳಿದ ಗಿಡಗಳ ಮೇಲೇ ಸಂಶಯ. ಬಿಳಿಕಲ್ಲಿನಲ್ಲಿ ಅವನ ಅಂದಾಜು ತಪ್ಪಿದ್ದೇ ಇಲ್ಲ ಎಂದು ಅವನೇ ಹೇಳುತ್ತಿದ್ದ. ಇಷ್ಟು ವರ್ಷ ಗಿಡ ಎಣಿಸಿದ ತಲೆಗೆ ಡಾಕ್ಟರಮ್ಮನ ಮಾತು ಬೇರೆ ರೀತಿಯಲ್ಲಿ ಅರ್ಥವಾಗುವ ಸಾಧ್ಯತೆಯೇ ಇರಲಿಲ್ಲ.

ಗುರುತು ಕಟ್ಟಿದ ಒಂದು ಗಿಡದ ಮುಂದೆ ಅವನು ಬಹಳ ಹೊತ್ತು ನಿಂತ. ಹಸಿರಾಗಿಯೇ ಇತ್ತು, ಕಾಯಿಯೂ ಕಟ್ಟಿತ್ತು. ನೋಡುವವರಿಗೆ ಅದಕ್ಕೇನೂ ಆಗಿಲ್ಲ. ಅಲ್ಲೇ ಅವನಿಗೆ ಎಲ್ಲ ಸ್ಪಷ್ಟವಾಯಿತು. ಐವರಲ್ಲಿ ಒಬ್ಬರಿಗೆ ಬರಬೇಕು. ತಾನು ಒಬ್ಬ. ಉಳಿದ ನಾಲ್ವರಲ್ಲಿ ಯಾರಿಗಾದರೂ ಆಗಲೇ ಮತ್ತೆ ಬಂದಿದ್ದರೆ ಅಂದಾಜು ತುಂಬಿತು, ತಾನು ಬಚಾವ್. ಯಾರಿಗೂ ಬಂದಿಲ್ಲದಿದ್ದರೆ ಉಳಿದದ್ದು ತಾನೇ. ಡಾಕ್ಟರಮ್ಮ ಹೇಳಿದ್ದು ಯಾವ ಐವರು ಎಂಬ ಸಂದೇಹ ಅವನಿಗೆ ಬರಲಿಲ್ಲ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಅವರು ಚಿಕ್ಕಮಗಳೂರು ಜಿಲ್ಲೆಯವರೇ ಆಗಿರಬೇಕು ಎಂದುಕೊಂಡ.

ಮೊದಲು ಇದನ್ನು ಗುರುವಯ್ಯನಿಗೆ ಫೋನ್ ಮಾಡಿ ವಿವರಿಸಿದ. ಗುರುವಯ್ಯ ಗಮನವಿಟ್ಟು ಕೇಳಿದ.

"ಅಂದ್ರೆ ಯಾರಾದ್ರೂ ಒಬ್ರು ತಗೊಂಡ್ಬಿಟ್ರೆ ಉಳಿದ ನಾಲ್ಕು ಜನ ಪಾರು ಅನ್ನು."

"ಅದೇ ಲೆಕ್ಕ."

"ಪಾಪ, ಆ ಒಬ್ರು ಯಾರೋ" ಎಂದ ಗುರುವಯ್ಯ. ಸುರೇಂದ್ರನಿಗೆ ಈ ಮಾತು ಲೆಕ್ಕಕ್ಕೆ ಸಂಬಂಧಪಟ್ಟದ್ದು ಅನ್ನಿಸಲಿಲ್ಲ.

ಗುರುವಯ್ಯ ಸೇರಿ ಇಬ್ಬರಾದರು. ಮೂರನೆಯವನು ತಾನಾಗಿಯೇ ಸಿಕ್ಕಿದ. ಮೂಡಿಗೆರೆಯ ಮೆಡಿಕಲ್ ಶಾಪಿನ ಶಂಕರ ಸುರೇಂದ್ರನ ಕೈಯಲ್ಲಿದ್ದ ಚೀಟಿ ನೋಡಿದ್ದೇ, "ಓ, ಇದಾ? ನಂಗೂ ಆಗಿತ್ತಲ್ಲ" ಎಂದ.

ಸುರೇಂದ್ರ ಕೌಂಟರಿನ ಮೇಲೆ ಬಗ್ಗಿದ. "ಮತ್ತೆ ಬಂತಾ?"

"ಇಲ್ಲ. ನಾಲ್ಕೈದು ವರ್ಷ ಆಗೋಯ್ತು."

"ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಹೊಟ್ಟೆನೋವು ಬಂದಿದ್ದನ್ನ ನೆನಪು ಮಾಡ್ಕೋಬೇಕಾಗತ್ತೇನ್ರೀ?" ಎಂದು ಶಂಕರ ನಕ್ಕ. ಸುರೇಂದ್ರ ನಗಲಿಲ್ಲ. ಬೇರೆ ಯಾರಿಗೆ ಆಗಿದೆ ಎಂದು ಕೇಳಿದ. ಗಿರಾಕಿಗಳ ವಿಷಯ ಹೊರಗೆ ಹೇಳುವುದು ತನ್ನ ಕಸುಬಿಗೆ ಶೋಭೆಯಲ್ಲ ಎಂದು ಶಂಕರ ಗಂಭೀರವಾಗಿ ಹೇಳಿ, ಅಂಗಡಿಯ ಮುಂದೆ ನಿಂತಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ, ವಸ್ತಾರೆಯ ರುಕ್ಮಿಣಮ್ಮ ಟೀಚರ್, ಕಳಸದ ಕಡೆಯ ಪ್ಲಾಂಟರ್ ಚೌಡಯ್ಯನವರು ಎಂದು ಎರಡು ಹೆಸರು ಪಿಸುಗುಟ್ಟಿದ. ಅಲ್ಲಿಗೆ ಐವರಾದರು.

ಮುಂದಿನ ಭಾನುವಾರ ಸುರೇಂದ್ರ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ವಸ್ತಾರೆಗೆ ಹೋದ. ರುಕ್ಮಿಣಮ್ಮ ರಿಟೈರಾದ ಹೆಡ್ ಮಿಸ್ಟ್ರೆಸ್. ಅಂಗಳದಲ್ಲಿ ಗುದ್ದಲಿ ಹಿಡಿದು ಪಾತಿ ಮಾಡುತ್ತಿದ್ದರು. ಆ ದೃಶ್ಯ ನೋಡಿಯೇ ಅವನ ಎದೆ ಕುಸಿಯಿತು.

"ನಾನು ಮಲ್ಲಂದೂರಿನ ಸುರೇಂದ್ರ ಅಂತ. ನಂಗೂ ನಿಮ್ಮ ಕಾಯಿಲೇನೇ. ನಿಮಗೆ ಮತ್ತೆ ಬಂತೇನೋ ಅಂತ ವಿಚಾರಿಸ್ಕೊಂಡು ಹೋಗಾಣ ಅಂತ ಬಂದೆ."

ರುಕ್ಮಿಣಮ್ಮ ಗುದ್ದಲಿ ಕೆಳಗಿಟ್ಟರು. "ಅಷ್ಟಕ್ಕೋಸ್ಕರ ಅಲ್ಲಿಂದ ಬಂದ್ರಾ? ಗುರುತಿಲ್ಲ, ಪರಿಚಯ ಇಲ್ಲ. ನನ್ನ ತಮ್ಮನೇ ಒಂದು ದಿನ ಬಂದು ಕೇಳಲಿಲ್ಲ." ಅವರ ಕಣ್ಣು ತುಂಬಿತು. ನಂತರ ಕಣ್ಣೊರೆಸಿಕೊಂಡು, ತಾನು ಕಲ್ಲುಗುಂಡಿನ ಹಾಗೆ ಇರುವುದಾಗಿಯೂ, ಆ ಕಾಯಿಲೆ ಮತ್ತೆ ಈ ಕಡೆ ತಲೆ ಹಾಕಿಲ್ಲವೆಂದೂ ಹೇಳಿ, ಗಿಡದಿಂದ ಒಂದು ಸೀಬೆಹಣ್ಣು ಕಿತ್ತು ಸೀರೆಯ ಸೆರಗಿಗೆ ಒರೆಸಿ ಅವನ ಮುಂದೆಯೇ ಕಚ್ಚಿದರು. ಬೀಜಗಳು ಹಲ್ಲಿನ ನಡುವೆ ಕಟಕಟ ಎಂದವು. ಸುರೇಂದ್ರ ಅದನ್ನು ಕೊನೆಯವರೆಗೂ ಕೇಳಿಸಿಕೊಂಡು ಕೂತಿದ್ದ.

ರುಕ್ಮಿಣಮ್ಮ ಅಲ್ಲಿಗೆ ಬಿಡಲಿಲ್ಲ. ಅವರಿಗೆ ಮಹಿಳಾ ಸಂಘವಿತ್ತು, ಸಂಘಕ್ಕೆ ವಾಟ್ಸಾಪ್ ಗುಂಪಿತ್ತು. ತಾನೇ ಕಾಯಿಲೆಯಿಂದ ಎದ್ದವನು ಕಂಡವರ ಆರೋಗ್ಯ ವಿಚಾರಿಸಲು ಬಸ್ಸು ಹತ್ತಿ ತಿರುಗುತ್ತಿದ್ದಾನೆ, ಇಂಥವರು ಈ ಕಾಲದಲ್ಲೂ ಇದ್ದಾರೆ ಎಂಬ ಸುದ್ದಿ ಸುರೇಂದ್ರನ ಬಸ್ಸಿಗಿಂತ ಮೊದಲು ಮಲ್ಲಂದೂರು ತಲುಪಿತ್ತು. ಮಾರನೆಯ ದಿನ ಬೆಳಗ್ಗೆ ಆಳುಗಳ ಹಾಜರಿ ಹಾಕುವ ಮಸ್ಟರಿನ ಹೊತ್ತಿಗೆ ಎಸ್ಟೇಟಿನ ಧಣಿ ಹರ್ಷವರ್ಧನ ಎಲ್ಲರ ಮುಂದೆ ಅವನ ಹೆಗಲು ತಟ್ಟಿದರು. "ನಮ್ಮ ರೈಟ್ರನ್ನ ನೋಡಿ ಕಲೀರಿ. ಕಳಸಕ್ಕೂ ಹೋಗ್ಬೇಕಂತೆ, ಹೋಗ್ಲಿ. ನನ್ನ ಕಾರಲ್ಲೇ ಕಳಿಸ್ತೀನಿ."

ಹೀಗೆ ನವೆಂಬರಿನ ಕೊನೆಗೆ ಅವನು ಧಣಿಯ ಕಾರಿನಲ್ಲಿ ಕಳಸದ ಕಡೆ ಹೋದ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ. ಚೌಡಯ್ಯನವರಿಗೆ ಎಂಬತ್ತು ದಾಟಿದೆ, ದೊಡ್ಡ ಪ್ಲಾಂಟರು, ಎಲ್ಲವನ್ನೂ ಅನುಭವಿಸಿ ಮುಗಿಸಿದ್ದಾರೆ. ಈ ಒಂದು ಸಣ್ಣ ಹೊರೆಯನ್ನು ಹೊತ್ತಿದ್ದರೆ ಅವರಿಗೇನು ನಷ್ಟ? ಇಂಥ ಪ್ರಾರ್ಥನೆ ಮಾಡುವವನ ಮುಖದಲ್ಲಿ ಎಷ್ಟು ಭಕ್ತಿಯಿತ್ತೆಂದರೆ ಡ್ರೈವರ್ ರೇಡಿಯೋ ಆರಿಸಿದ.

ಚೌಡಯ್ಯನವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು, ಬಂದವನ ಕೈ ಹಿಡಿದುಕೊಂಡರು.

"ಅದಾಗಿ ಹದಿನೈದು ವರ್ಷ ಆಗಿರ್ಬೇಕು ಮಗ. ಮತ್ತೆ ಬರ್ಲಿಲ್ಲ."

"ಒಂದ್ಸಲಾನೂ ಇಲ್ವಾ ಅಯ್ಯಾ?"

"ಇಲ್ಲ."

"ಚೂರೂ? ಮಳೆಗಾಲದಲ್ಲಿ, ಒಂದು ಸಣ್ಣ ಹಿಡಿತ?"

"ಚೂರೂ ಇಲ್ಲ."

ಸುರೇಂದ್ರನ ಬಾಯಿಂದ ಒಂದು ದೊಡ್ಡ ನಿಟ್ಟುಸಿರು ಬಂತು. ಮುದುಕರು ಅವನ ಕೈಯನ್ನು ಒತ್ತಿ ಹಿಡಿದರು. "ನಂಗೆ ವಾಸಿಯಾಗಿದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನ ನಾನು ನೋಡೇ ಇರ್ಲಿಲ್ಲ. ನನ್ನ ಮನೇಲೂ ಯಾರಿಗೂ ಅಷ್ಟು ಆಗ್ಲಿಲ್ಲ." ಹೊರಡುವಾಗ ತಮ್ಮ ತೋಟದ ಕಿತ್ತಳೆ ಒಂದು ಚೀಲ ತುಂಬಿಸಿ ಕಾರಿಗೆ ಹಾಕಿಸಿದರು. ಮಲೆಯ ಕಿತ್ತಳೆ, ತೊಳೆಗೆ ನಾಲ್ಕು ಬೀಜ. ಸುರೇಂದ್ರ ಮನೆಗೆ ತಂದು ಮೂಲೆಯಲ್ಲಿಟ್ಟ, ಒಂದನ್ನೂ ಮುಟ್ಟಲಿಲ್ಲ.

ಈಗ ಊರಿನವರು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಹೊಗಳಿಕೆ ಹೆಚ್ಚಾದಷ್ಟೂ ಅವನು ಬಾಡುತ್ತ ಹೋದ. ಎರಡು ಸಲ ವಸಂತಮ್ಮನಿಗೆ ತನ್ನ ಮೇಲಿನ ಆಣೆ ಹಾಕಿ, ತಾನಿಲ್ಲದ ಮೇಲೆ ಕ್ವಾರ್ಟರ್ಸ್ ಬಿಟ್ಟು ತವರಿಗೆ ಹೋಗಬೇಕೆಂದು ಹೇಳಿದ. "ಮೊದ್ಲು ಮುದ್ದೆ ನುಂಗಿ" ಎಂದಳು ಅವಳು. ಆದರೆ ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತಳು. ಅದು ಅವನಿಗೆ ಗೊತ್ತಾಗಲಿಲ್ಲ.

ಅವನಿಗೂ ಆ ಒಬ್ಬನಿಗೂ ನಡುವೆ ಈಗ ನಿಂತಿದ್ದವನು ಗುರುವಯ್ಯ ಮಾತ್ರ. ಟೀಚರ್, ಚೌಡಯ್ಯನವರ ಸುದ್ದಿಯನ್ನೆಲ್ಲ ಅವನಿಗೆ ಹೇಳಿದ್ದ ಸುರೇಂದ್ರ ಈಗ ಪ್ರತಿದಿನ ಸಂಜೆ ಫೋನ್ ಮಾಡತೊಡಗಿದ.

"ಹೆಂಗಿದೀಯ ಗುರುವಯ್ಯ?"

"ಫಸ್ಟ್ ಕ್ಲಾಸ್!"

"ಹೊಟ್ಟೆ?"

"ಕಲ್ಲು ಹಾಕಿದ್ರೂ ಕರಗತ್ತೆ!"

"ಹೌದಾ" ಎಂದು ಸುರೇಂದ್ರ ಸತ್ತ ದನಿಯಲ್ಲಿ ಫೋನ್ ಇಡುತ್ತಿದ್ದ. ಒಂದು ದಿನ ಗುರುವಯ್ಯ, "ಅಲ್ಲ ಮಾರಾಯ, ಬೆಳಗಾದ್ರೆ ಎಷ್ಟೋ ಜನ ನನ್ನ ಜೀಪ್ ಹತ್ತಿಳೀತಾರೆ. ಹೆಂಗಿದೀಯ ಅಂತ ದಿನಾ ಕೇಳೋನು ನೀನೊಬ್ನೇ" ಎಂದ. ಸುರೇಂದ್ರನಿಗೆ ನಾಚಿಕೆಯಾಯಿತು. ಆದರೆ ಮಾರನೆಯ ದಿನ ಮತ್ತೆ ಫೋನ್ ಮಾಡಿದ, ಮತ್ತೆ ಅದೇ ಆಸೆಯಿಂದ ಮಾಡಿದ.

ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಕೊಯ್ಲು ಶುರುವಾಗಿ ತೋಟದ ತುಂಬ ಆಳುಗಳ ಗಲಾಟೆ ಇದ್ದಾಗ, ಒಂದು ಸಂಜೆ ಫೋನ್ ಆ ಕಡೆಯಿಂದಲೇ ಬಂತು.

"ಸುರೇಂದ್ರಣ್ಣ, ಎಂತದೋ ಹೊಟ್ಟೆ ಸರಿಯಿಲ್ಲ ಮಾರಾಯ."

ಸುರೇಂದ್ರ ಕೂತಲ್ಲಿಂದ ಎದ್ದುಬಿಟ್ಟ. "ಯಾವ ಕಡೆ?"

"ಎಡಗಡೆ. ಹೋದ್ಸಲದ ಜಾಗಾನೇ."

"ಖಂಡಿತಾ ಎಡಗಡೇನಾ? ಕೈಯಿಟ್ಟು ನೋಡು."

"ಇಟ್ಕೊಂಡೇ ಇದೀನಿ. ಮೈಯೂ ಸ್ವಲ್ಪ ಬೆಚ್ಚಗಿದೆ. ನಾಳೆ ಬೆಳಗ್ಗೆ ದೇವರಮನೆಗೆ ಒಂದು ಟೂರಿಸ್ಟ್ ಪಾರ್ಟಿ ಒಪ್ಕೊಂಡಿದ್ದೆ. ಅದನ್ನ ಮುಗಿಸ್ಕೊಂಡು ಆಸ್ಪತ್ರೆಗೆ ಹೋದ್ರೆ ಆಗಲ್ವಾ? ನೀನು ಇದ್ರಲ್ಲಿ ತಿಳಿದೋನು."

"ಆಗತ್ತೆ, ಆಗತ್ತೆ" ಎಂದ ಸುರೇಂದ್ರ. ಕೇಳಿದ್ದು ಏನೆಂದು ಅವನ ಕಿವಿಗೆ ಹೋಗಿರಲೇ ಇಲ್ಲ. ಅದೇ ಜಾಗ, ಅದೇ ಜ್ವರ, ಅಂದಾಜು ತುಂಬಿತು ಎನ್ನುವುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. "ಮಲ್ಕೋ, ಬೆಚ್ಚಗೆ ಮಲ್ಕೋ. ನಾಳೆ ಬಂದು ನೋಡ್ತೀನಿ" ಎಂದು ಹೇಳಿ ಫೋನಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತ.

"ವಸಂತಾ, ಬದನೆಕಾಯಿ ಇದೆಯಾ ಮನೇಲಿ?"

ವಸಂತಮ್ಮ ಸೌಟು ಹಿಡಿದೇ ತಿರುಗಿದಳು. "ಯಾರಿಗೆ?"

"ನಂಗೆ. ಎಣ್ಣೆಗಾಯಿ ಮಾಡು. ರೊಟ್ಟಿ ತಟ್ಟು."

ಅವನು ನಾಲ್ಕು ಅಕ್ಕಿ ರೊಟ್ಟಿ ತಿಂದ. ಬದನೆಕಾಯಿಯ ಬೀಜವನ್ನು ಬೀಜವೆಂದು ಗೊತ್ತಿದ್ದೂ ಅಗಿದು ನುಂಗಿದ. ಸಾಸಿವೆಯನ್ನು ಬೆರಳಿಗೆ ಅಂಟಿಸಿ ನೆಕ್ಕಿದ. ವಸಂತಮ್ಮ ಏನೂ ಕೇಳದೆ ಬಡಿಸಿದಳು. ವಾರಗಟ್ಟಲೆ ಸಾಯುವ ಮಾತಾಡಿದ ಗಂಡ ಇವತ್ತು ರೊಟ್ಟಿ ಕೇಳಿದ್ದಾನೆ ಎನ್ನುವುದೇ ಅವಳಿಗೆ ಸಾಕಾಗಿತ್ತು. ಆ ರಾತ್ರಿ ಸುರೇಂದ್ರ ಗೊರಕೆ ಹೊಡೆದ.

ಬೆಳಗ್ಗೆ ಮಸ್ಟರಿಗೆ ಹೊರಟಾಗ ಬಾಯಲ್ಲಿ ಯಾವುದೋ ರಾಗ ಇತ್ತು. ಕೊಯ್ಲಿನ ಬುಟ್ಟಿ ಕಟ್ಟಿಕೊಂಡು ನಿಂತಿದ್ದ ಜವರಮ್ಮ ನೋಡಿದಳು.

"ಏನ್ ರೈಟ್ರೇ, ಇವತ್ತು ಮುಖ ಅರಳೈತೆ. ಸಿಹಿ ಸುದ್ದಿ ಏನಾರ ಬಂತಾ?"

"ಬಂತು ಜವರಮ್ಮ! ನಮ್ಮ ಗುರುವಯ್ಯಂಗೆ ಮತ್ತೆ ಬಂತು!"

"ಬಂತಾ! ಯಾರು ಬಂದ್ರು?"

"ಯಾರೂ ಅಲ್ಲ, ಕಾಯಿಲೆ."

ಆಳುಗಳೆಲ್ಲ ತಿರುಗಿ ನೋಡಿದರು. ಜವರಮ್ಮನ ನಗು ಅಲ್ಲೇ ನಿಂತಿತು. "ಅಯ್ಯೋ ಶಿವನೇ. ಯಾವ ಆಸ್ಪತ್ರೆಗೆ ಹಾಕಿದ್ರಿ ರೈಟ್ರೇ?"

ಕಾಯಬೇಡಿ, ಅವತ್ತೇ ಬನ್ನಿ ಎಂದ ಡಾಕ್ಟರಮ್ಮನ ದನಿ ಸುರೇಂದ್ರನಿಗೆ ಈಗ ಸ್ಪಷ್ಟವಾಗಿ ಕೇಳಿಸಿತು. ನಿನ್ನೆ ಸಂಜೆ ಗುರುವಯ್ಯ ಕೇಳಿದ್ದೂ, ತಾನು ಆಗತ್ತೆ ಆಗತ್ತೆ ಎಂದದ್ದೂ ಒಂದರ ಹಿಂದೆ ಒಂದು ಕೇಳಿಸಿದವು. ಅವನು ಮಸ್ಟರ್ ಬಿಟ್ಟು ರಸ್ತೆಗೆ ಓಡಿದ. ಜೇಬಿನಿಂದ ಫೋನ್ ತೆಗೆದು ಮಾಡಿದ, ಮತ್ತೆ ಮಾಡಿದ. ಆ ಕಡೆ ಯಾರೂ ಎತ್ತಲಿಲ್ಲ.

"ನೋಡ್ರೇ, ಗೆಳೆಯನಿಗೆ ಹುಷಾರಿಲ್ಲ ಅಂತ ಹೆಂಗೆ ಓಡ್ತಾರೆ ಪಾಪ" ಎಂದಳು ಜವರಮ್ಮ ಹಿಂದಿನಿಂದ.

ಅವನು ಬಸ್ಸಿನಲ್ಲಿ ಮೂಡಿಗೆರೆಗೆ ಹೋಗಿ ಅಲ್ಲಿಂದ ಆಟೋ ಹಿಡಿದು ಬೆಟ್ಟದ ಕೆಳಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಗುರುವಯ್ಯನ ಮನೆಯ ಮುಂದೆ ಒಂದು ಕಾರು, ನಾಲ್ವರು ಟೂರಿಸ್ಟುಗಳು. ತಂಪು ಕನ್ನಡಕ ಹಾಕಿದ್ದ ಒಬ್ಬ ಇವನನ್ನು ಕಂಡದ್ದೇ ಸಿಡುಕಿದ. "ಏನ್ರೀ ಇದು, ಆರು ಗಂಟೆಗೆ ಅಂತ ಹೇಳಿ ಬಾಗಿಲೇ ತೆಗೀತಿಲ್ಲ! ಸನ್‌ರೈಸ್ ಹೋಯ್ತು! ನೀವು ಓನರಾ?"

ಸುರೇಂದ್ರ ಬಾಗಿಲಿಗೆ ಭುಜ ಕೊಟ್ಟ. ಒಳಗೆ ಗುರುವಯ್ಯ ಚಾಪೆಯ ಮೇಲೆ ಮಂಡಿ ಮಡಚಿಕೊಂಡು ಒಂದು ಕಡೆಗೆ ಮಲಗಿದ್ದ. ಮೈ ಕೆಂಡ, ತುಟಿ ಒಣಗಿ ಬಿಳಿಚಿತ್ತು. ಕೈಯಲ್ಲಿ ಜೀಪಿನ ಕೀ ಇತ್ತು.

"ಬಂದ್ಯಾ" ಎಂದ ಗುರುವಯ್ಯ. "ನಾಳೆ ಬರ್ತೀನಿ ಅಂದಿದ್ದೆ, ಬಂದೇ ಬಿಟ್ಟೆ."

ಟೂರಿಸ್ಟುಗಳ ಸಿಟ್ಟು ಅಲ್ಲೇ ಇಳಿದುಹೋಯಿತು. ಕನ್ನಡಕದವನೇ ಕಾಲು ಹಿಡಿದು ಎತ್ತಿದ. ಅವರ ಕಾರಿನಲ್ಲೇ ಚಿಕ್ಕಮಗಳೂರಿಗೆ ಹೊರಟರು. ಒಂದೊಂದು ತಿರುವಿನಲ್ಲೂ ಗುರುವಯ್ಯ ಹಲ್ಲು ಕಚ್ಚುತ್ತಿದ್ದ. ಹಲ್ಲು ಕಚ್ಚಿಕೊಂಡೇ, "ಇಲ್ಲಿ ಸೆಕೆಂಡ್ ಗೇರ್ ಹಾಕಿ ಸಾರ್" ಎಂದು ಹೇಳುತ್ತಿದ್ದ. ಅವನ ತಲೆ ಸುರೇಂದ್ರನ ತೊಡೆಯ ಮೇಲಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಕನ್ನಡಕದವನು ಸುರೇಂದ್ರನ ಕೈ ಕುಲುಕಿ, "ನಿಮ್ಮಂಥ ಫ್ರೆಂಡ್ ಎಲ್ಲರಿಗೂ ಸಿಗಲ್ಲ" ಎಂದ. ಸುರೇಂದ್ರ ಅಲ್ಲೇ ಗೋಡೆಗೆ ಒರಗಿ ಅತ್ತ.

ಸಂಜೆ ಡಾಕ್ಟರ್ ರೇವತಿ ವಾರ್ಡಿನಿಂದ ಹೊರಗೆ ಬಂದರು. ಒಳಗೆ ಕೀವು ಕಟ್ಟಿದೆ, ಟ್ಯೂಬ್ ಹಾಕಿ ತೆಗೆಯುತ್ತಿದ್ದೇವೆ, ಕರುಳು ತೂತಾಗಿ ಹರಡಿದರೆ ಆಪರೇಷನ್ ಮಾಡಬೇಕಾಗುತ್ತದೆ, ಎರಡು ದಿನ ಏನೂ ಹೇಳುವುದಕ್ಕಾಗುವುದಿಲ್ಲ ಎಂದರು.

"ನಿನ್ನೆ ಬಂದಿದ್ರೆ ಡಾಕ್ಟ್ರೇ?"

"ನಿನ್ನೆ ಸಂಜೆನೇ ಬಂದಿದ್ರೆ ಬಹುಶಃ ಮಾತ್ರೆ ಇಂಜೆಕ್ಷನ್‌ನಲ್ಲೇ ಹೋಗ್ತಿತ್ತು."

ಸುರೇಂದ್ರನಿಗೆ ತಡೆಯಲಾಗಲಿಲ್ಲ. ಐವರ ಲೆಕ್ಕ, ಬೋರರ್, ಶಂಕರ, ಟೀಚರ್, ಚೌಡಯ್ಯನವರು, ದಿನಾ ಮಾಡಿದ ಫೋನು, ಎಲ್ಲವನ್ನೂ ಕಾರಿಡಾರಿನಲ್ಲೇ ಒದರಿಬಿಟ್ಟ. "ಅವನಿಗೆ ಬರ್ಲಿ ಅಂತ ಬಯಸ್ದೆ. ನಾನು ಬಯಸಿದ್ದಕ್ಕೇ ಬಂತಾ?"

ಬೈಯಬೇಕೋ ನಗಬೇಕೋ ರೇವತಿಯವರಿಗೂ ತಿಳಿದ ಹಾಗೆ ಕಾಣಲಿಲ್ಲ. "ಯಾರ ಪಾಲನ್ನೂ ಯಾರೂ ತಗೊಳ್ಳಲ್ಲ ಸುರೇಂದ್ರ ಅವ್ರೇ. ಅವರ ಕರುಳು ಅವರದ್ದು, ನಿಮ್ಮ ಕರುಳು ನಿಮ್ಮದು. ಅವರಿಗೆ ಬಂತು ಅಂತ ನಿಮಗೆ ಕಮ್ಮಿಯಾಗಲ್ಲ. ಅವರಿಗೆ ಬರದೆ ಇದ್ದಿದ್ರೆ ನಿಮಗೆ ಜಾಸ್ತಿನೂ ಆಗ್ತಿರ್ಲಿಲ್ಲ."

"ಹಂಗಾದ್ರೆ ನಂಗೆ?"

"ಮೊದಲು ಎಷ್ಟಿತ್ತೋ ಅಷ್ಟೇ. ಐದರಲ್ಲಿ ಒಂದು."

ಅವರು ಹೋದ ಮೇಲೆ ಸುರೇಂದ್ರ ಬೆಂಚಿನ ಮೇಲೆ ಕೂತ. ಬಯಸಿದ್ದು ತಟ್ಟಿರಲಿಲ್ಲ. ಆದರೆ ಸಂತೋಷದಲ್ಲಿ ಗೆಳೆಯನನ್ನು ಮರೆತದ್ದು ತಟ್ಟಿತ್ತು. ಅದಕ್ಕೆ ಯಾವ ಡಾಕ್ಟರೂ ಸಮಾಧಾನ ಹೇಳುವಂತಿರಲಿಲ್ಲ. ಭಯವೂ ಇದ್ದಲ್ಲೇ ಇತ್ತು, ಒಂದು ಚೂರೂ ಕರಗಿರಲಿಲ್ಲ. ಅಷ್ಟರಲ್ಲಿ ವಸಂತಮ್ಮ ಬಂದಳು. ಧಣಿಗಳ ಕಾರಿನಲ್ಲಿ ಬಂದಿದ್ದಳು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂದು ಚೌಡಯ್ಯನವರ ಚೀಲದಿಂದ ನಾಲ್ಕು ಕಿತ್ತಳೆ ತಂದಿದ್ದಳು. "ನೀವೇ ಕೊಡಿ" ಎಂದು ಅವನ ಕೈಗಿತ್ತು ಹೊರಗೆ ಉಳಿದಳು.

ಗುರುವಯ್ಯನ ಹೊಟ್ಟೆಯಿಂದ ಒಂದು ಟ್ಯೂಬು, ಮೂಗಿಗೆ ಒಂದು, ಕೈಗೆ ಒಂದು. ನೀರು ಕೂಡ ಕೊಡಬಾರದು ಎಂದು ನರ್ಸ್ ಹೇಳಿದ್ದಳು. ಅವನು ಕಣ್ಣು ತೆರೆದು ನಕ್ಕ.

"ಲೆಕ್ಕ ಸರಿಹೋಯ್ತಲ್ಲ ಮಾರಾಯ."

"ಯಾವ ಲೆಕ್ಕ?"

"ನಿಂದೇ. ಐದರಲ್ಲಿ ಒಬ್ಬ. ರಾತ್ರಿಯಿಡೀ ನೋವಲ್ಲಿ ಅದೇ ನೆನಪಾಗ್ತಿತ್ತು. ಸದ್ಯ, ನಂಗೆ ಬಂತು. ನಂಗಾದ್ರೆ ಹಿಂದೆ ಮುಂದೆ ಯಾರಿಲ್ಲ. ನಿಂಗೆ ಮನೇಲಿ ವಸಂತಕ್ಕ ಇದ್ದಾರೆ. ಆ ಟೀಚರಮ್ಮಂಗೂ ಬರಲ್ಲ, ಕಳಸದ ಮುದುಕಪ್ಪಂಗೂ ಬರಲ್ಲ." ಮಾತಾಡಿ ಅವನಿಗೆ ಆಯಾಸವಾಯಿತು. ಕಣ್ಣು ಮುಚ್ಚಿ, ಮತ್ತೆ ತೆರೆದ. "ಇನ್ನು ನಿಂಗೆ ಬರಲ್ಲ ಅಲ್ವಾ? ಖಂಡಿತಾ?"

ಸುರೇಂದ್ರನ ಬಾಯಿಯ ತುದಿಗೆ ಎಲ್ಲವೂ ಬಂದಿತ್ತು. ತಪ್ಪೊಪ್ಪಿಕೊಂಡು ಹಗುರಾಗಬೇಕೆಂದು ಜೀವ ಹಾತೊರೆಯುತ್ತಿತ್ತು. ಆದರೆ ಒಪ್ಪಿಕೊಂಡರೆ ಈ ಮನುಷ್ಯ ಯಾರನ್ನೂ ಉಳಿಸಲಿಲ್ಲ, ಸುಮ್ಮನೆ ನೋವು ತಿಂದ ಎಂದಾಗುತ್ತಿತ್ತು. ಅವನು ಎಲ್ಲವನ್ನೂ ನುಂಗಿಕೊಂಡ.

"ಖಂಡಿತಾ ಬರಲ್ಲ" ಎಂದ. "ಡಾಕ್ಟ್ರೇ ಹೇಳಿದ್ರು."

ಗುರುವಯ್ಯನ ಮುಖ ಸಡಿಲವಾಯಿತು. ಅವನ ದೃಷ್ಟಿ ಸುರೇಂದ್ರನ ಕೈಯಲ್ಲಿದ್ದ ಕಿತ್ತಳೆಯ ಮೇಲೆ ಬಿತ್ತು. "ನಂಗಂತೂ ತಿನ್ನೋ ಹಂಗಿಲ್ಲ. ನೀನಾದ್ರೂ ತಿನ್ನು, ನಾನು ನೋಡ್ತೀನಿ. ಎಷ್ಟು ತಿಂಗಳಾಯ್ತೋ ನೀನು ಹಣ್ಣು ಮುಟ್ಟಿ."

ಸುರೇಂದ್ರ ಕಿತ್ತಳೆ ಸುಲಿದ. ತೊಳೆ ಬಿಡಿಸಿ, ಅಭ್ಯಾಸದಂತೆ ಉಗುರಿನಿಂದ ಬೀಜ ತೆಗೆಯಲು ಹೋದ.

"ಈಗ್ಯಾಕೆ ತೆಗೀತೀಯ? ಇನ್ನೆಂತ ಭಯ ನಿಂಗೆ?"

ಸುರೇಂದ್ರ ಕೈ ಹಿಂದಕ್ಕೆಳೆದುಕೊಂಡ. ಬೀಜದ ಸಮೇತ ತೊಳೆಯನ್ನು ಬಾಯಿಗೆ ಹಾಕಿಕೊಂಡ. ಬೀಜ ಗಂಟಲಿನಲ್ಲಿ ಇಳಿಯುವುದು, ಎದೆ ದಾಟಿ ಕೆಳಗೆ ಹೋಗುವುದು ಅವನಿಗೆ ಗೊತ್ತಾಗುತ್ತಿತ್ತು, ಅಥವಾ ಹಾಗೆ ಅನ್ನಿಸುತ್ತಿತ್ತು. ಕಣ್ಣಲ್ಲಿ ನೀರು ಬಂತು. ಹಣ್ಣು ಹುಳಿ ಎಂದ.

"ಇನ್ನೊಂದು" ಎಂದ ಗುರುವಯ್ಯ.

ಸುರೇಂದ್ರ ಇನ್ನೊಂದು ತೊಳೆ ತಿಂದ, ಅದರ ಮೇಲೆ ಮತ್ತೊಂದು. ಹಣ್ಣು ಮುಗಿಯುವವರೆಗೂ ಗುರುವಯ್ಯ ಕಣ್ಣು ಮುಚ್ಚಲಿಲ್ಲ.